ರಬ್ಬರ್ ಸ್ವಲ್ಪ ದಿನ ಪಕ್ಕಕ್ಕಿಡು

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮೊನ್ನೆ ನಿಮ್ಮಮ್ಮ ಬಂದಾಗ ನಿನ್ನ ಎರಡು ನೋಟ್‌ಬುಕ್ ಕೊಟ್ಟು ಹೋದಳು. ಒಂದು ಕನ್ನಡದ್ದು, ಒಂದು ಇತಿಹಾಸದ್ದು. ತರಗತಿಯಲ್ಲಿ ಮಾಡಿದ ಚಟುವಟಿಕೆಗಳ ಬಗ್ಗೆ ನಿನ್ನ ಅನಿಸಿಕೆ ಬರೆದು ಕೊಡಬೇಕಂತೆ, ಕರಡು ಬರೆದಿದ್ದೀಯಂತೆ, ನಾನು ನೋಡಿ ಹೇಳಬೇಕಂತೆ. ನೋಡಿದೆ. ಎರಡು ಸಲ ಓದಿದೆ. ಫೋನಿನಲ್ಲಿ ಹೇಳಿದರೆ ನೀನು ‘ಹೂಂ ಹೂಂ’ ಅಂದು ಮುಗಿಸಿಬಿಡುತ್ತೀಯ. ಅದಕ್ಕೇ ಈ ಕಾಗದ.

ಬೈಯುವುದನ್ನು ಮೊದಲೇ ಮುಗಿಸಿಬಿಡುತ್ತೇನೆ. ಎರಡು ಪುಟದ ಕರಡಿನಲ್ಲಿ ‘ತುಂಬಾ ಚೆನ್ನಾಗಿತ್ತು’ ಆರು ಸಲ ಬಂದಿದೆ. ‘ಬಹಳ ವಿಷಯ ತಿಳಿಯಿತು’ ನಾಲ್ಕು ಸಲ. ಏನು ತಿಳಿಯಿತು ಅಂತ ಒಂದು ಸಲವೂ ಇಲ್ಲ. ಇದನ್ನು ನಿನ್ನ ಪಕ್ಕದ ಬೆಂಚಿನ ಹುಡುಗಿ ತನ್ನ ಹೆಸರು ಹಾಕಿ ಕೊಟ್ಟರೂ ನಡೆಯುತ್ತದೆ, ಅಲ್ವಾ? ಬೈದದ್ದು ಇಷ್ಟೇ.

ಈಗ ಮಳೆಯ ಪದ್ಯಕ್ಕೆ ಬರೋಣ. ಭಾಮಿನಿ ಷಟ್ಪದಿಯ ಧಾಟಿಯಲ್ಲಿ ಏನಾದರೂ ಬರೆಯಿರಿ ಅಂದಾಗ ನೀನು ಎರಡು ಸಾಲು ಬರೆದಿದ್ದೀಯ.

ಮಳೆಯು ಬಂದಿತು ಮರದ ಕೆಳಗಡೆ
ನೆನೆದ ಹಕ್ಕಿಯು ರೆಕ್ಕೆ ಬಿಚ್ಚಿತು

ಷಟ್ಪದಿಗೆ ಆರು ಸಾಲು ಬೇಕು, ಮೂರನೆಯದೂ ಆರನೆಯದೂ ಉದ್ದ ಇರಬೇಕು. ಅದಿರಲಿ. ಈ ಎರಡು ಸಾಲು ಸರಿಯಾಗಿವೆ. ನಾನೂ ಬೆರಳು ಮಡಚಿ ಎಣಿಸಿದೆ. ಮೂರು, ನಾಲ್ಕು, ಮೂರು, ನಾಲ್ಕು. ಸಾಲಿಗೆ 14 ಮಾತ್ರೆ (ಅಕ್ಷರ ಉಚ್ಚರಿಸಲು ಹಿಡಿಯುವ ಕಾಲದ ಅಳತೆ). ಆದರೆ ಮೊದಲ ಸಾಲಿನ ‘ಬಂದಿತು’ ಇರುವಲ್ಲಿ ಕಾಗದ ಸವೆದು ತೆಳ್ಳಗಾಗಿದೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಕೆಳಗೆ ಮಸುಕಾಗಿ ‘ಬಂತು’ ಅಂತ ಕಾಣಿಸಿತು.

ನಿನ್ನ ಅನಿಸಿಕೆ ಅಲ್ಲೇ ಇತ್ತು. ನೀನು ಅದನ್ನು ರಬ್ಬರಿನಿಂದ ಉಜ್ಜಿಬಿಟ್ಟೆ!

ಯೋಚಿಸಿ ನೋಡು. ಮಾತಾಡುವಾಗ ನಾವೆಲ್ಲ ‘ಮಳೆ ಬಂತು’ ಅಂತಲೇ ಅನ್ನುವುದು. ನೀನೂ ಹಾಗೇ ಬರೆದೆ. ಆಮೇಲೆ ಚಪ್ಪಾಳೆ ಹಾಕಿ ಓದಿದೆಯೋ, ಅಕ್ಷರಗಳ ಮೇಲೆ ಲಘು-ಗುರು ಗುರುತು ಹಾಕುತ್ತಾ ಪ್ರಸ್ತಾರ ಹಾಕಿದೆಯೋ, ‘ಬಂತು’ ಮೂರೇ ಮಾತ್ರೆ ಅಂತ ಗೊತ್ತಾಯಿತು. ಸೊನ್ನೆ ಇರುವ ಅಕ್ಷರ ಗುರು, ಅದಕ್ಕೆ ಎರಡು, ‘ತು’ಗೆ ಒಂದು. ನಾಲ್ಕು ಬೇಕಾದ ಕಡೆ ಮೂರಾದರೆ ನಾಲಿಗೆ ಎಡವುತ್ತದೆ. ಹಾಗಾಗಿ ‘ಬಂದಿತು’ ಮಾಡಿದೆ. ಕರಡಿನಲ್ಲಿ ಮಾತ್ರ ‘ಪ್ರಸ್ತಾರ ಹಾಕುವುದು ಸ್ವಲ್ಪ ಬೋರ್, ಆದರೂ ಉಪಯುಕ್ತ’ ಅಂತಷ್ಟೇ ಬರೆದಿದ್ದೀಯ. ಅದರ ಬದಲು ‘ನಾನು ಮೊದಲು ಬಂತು ಅಂತ ಬರೆದಿದ್ದೆ, ಓದುವಾಗ ಮುಗ್ಗರಿಸಿದೆ, ಒಂದು ಮಾತ್ರೆ ಕಮ್ಮಿ ಇತ್ತು’ ಅಂತ ಬರೆದಿದ್ದರೆ? ಅದನ್ನು ಬೇರೆ ಯಾರೂ ಬರೆಯಲಾರರು.

ಇನ್ನೊಂದು ಮಾತು. ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸ ಇಡುವುದು ನಮ್ಮ ಹಳೆಯ ಕವಿಗಳ ಪದ್ಧತಿ. ನಿನ್ನದರಲ್ಲಿ ಅದಿಲ್ಲ. ‘ಮಳೆ’ಯಲ್ಲಿ ಳ, ‘ನೆನೆ’ಯಲ್ಲಿ ನ. ಸುಮ್ನೆ ಕೂತಿದ್ದಾಗ ನಾನು ತಿದ್ದಲು ನೋಡಿದೆ. ‘ಗಿಳಿಯು ಒದ್ದೆಯ ರೆಕ್ಕೆ ಬಿಚ್ಚಿತು’ ಅಂದರೆ ಮಳೆಗೆ ಗಿಳಿ ಕೂಡುತ್ತದೆ. ಮಾತ್ರೆಯೂ ಸರಿಹೋಗುತ್ತದೆ. ಖುಷಿಯಾಯಿತು. ಆಮೇಲೆ ಅನಿಸಿತು, ನೀನು ಆ ದಿನ ಕಂಡದ್ದು ಗಿಳಿಯೋ, ಕಾಗೆಯೋ, ಪಾರಿವಾಳವೋ ಯಾರಿಗೆ ಗೊತ್ತು? ಪ್ರಾಸಕ್ಕೆ ಬೇಕಾಯಿತು, ಹಕ್ಕಿ ಗಿಳಿಯಾಯಿತು. ಈ ಗಿಳಿಯನ್ನು ಸ್ವಲ್ಪ ನೆನಪಿಟ್ಟುಕೋ. ನಿನ್ನ ಇತಿಹಾಸದ ನೋಟ್‌ಬುಕ್ ತೆಗೆದಾಗ ಅದು ಮತ್ತೆ ಬರುತ್ತದೆ.

ಆ ನೋಟ್‌ಬುಕ್ಕಿನಲ್ಲಿ ಕಾಲರೇಖೆಯ ದಾರದ ಚಿತ್ರವಿದೆ. ಅಶೋಕ, ಪುಲಕೇಶಿ, ಕೃಷ್ಣದೇವರಾಯ, ಸ್ವಾತಂತ್ರ್ಯ. ಮಣಿಗಳನ್ನು ಸಮಸಮ ಅಂತರದಲ್ಲಿ ಪೋಣಿಸಿದ್ದೀಯ. ನೋಡಲು ಅಂದವಾಗಿದೆ, ಲೆಕ್ಕಕ್ಕೆ ಮಾತ್ರ ತಪ್ಪು. ಹತ್ತು ವರ್ಷಕ್ಕೆ ಒಂದು ಸೆಂಟಿಮೀಟರ್ ಅಂತ ಇಟ್ಟು ಮತ್ತೊಮ್ಮೆ ಕಟ್ಟಿ ನೋಡು. ಅಶೋಕನ ಶಾಸನಗಳ ಕಾಲ ಸುಮಾರು ಕ್ರಿ.ಪೂ. 250 ಅಂತ ಇಟ್ಟುಕೋ. ಅಲ್ಲಿಂದ ಚಾಲುಕ್ಯ ರಾಜ ಪುಲಕೇಶಿಯ ಐಹೊಳೆ ಶಾಸನದ ಕ್ರಿ.ಶ. 634ಕ್ಕೆ 88 ಸೆಂಟಿಮೀಟರ್. ಪುಲಕೇಶಿಯಿಂದ ಮುಂದಕ್ಕೆ ಇನ್ನೊಂದು 88 ಅಳೆದರೆ ನೇರ ಕೃಷ್ಣದೇವರಾಯನ ಆಳ್ವಿಕೆಯೊಳಗೆ ಹೋಗಿ ನಿಲ್ಲುತ್ತೀಯ. ಪುಲಕೇಶಿಗೆ ಅಶೋಕ ಎಷ್ಟು ಹಳಬನೋ ಕೃಷ್ಣದೇವರಾಯನಿಗೆ ಪುಲಕೇಶಿ ಅಷ್ಟೇ ಹಳಬ. ಆದರೆ ಅಲ್ಲಿಂದ ಸ್ವಾತಂತ್ರ್ಯದ ಮಣಿಗೆ 43 ಸೆಂಟಿಮೀಟರ್ ಮಾತ್ರ, ಅರ್ಧಕ್ಕೂ ಕಮ್ಮಿ. ‘ಹಳೇ ಕಾಲ’ ಅಂತ ನಾವು ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟಿಡುತ್ತೇವೆ, ನೋಡು. ಮೊದಲ ಚಿತ್ರ ಹರಿಯಬೇಡ, ಎರಡನ್ನೂ ಅಕ್ಕಪಕ್ಕ ಅಂಟಿಸು.

ಈಗ ನಿಮ್ಮ ನಾಟಕ. ನೀನು ಪುಲಕೇಶಿಯಾಗಿದ್ದೆಯಂತೆ, ಉತ್ತರದ ರಾಜ ಹರ್ಷನನ್ನು ನರ್ಮದೆಯ ದಡದಲ್ಲಿ ಸೋಲಿಸಿದೆಯಂತೆ, ಎಲ್ಲರೂ ಜೋರಾಗಿ ಚಪ್ಪಾಳೆ ಹೊಡೆದರಂತೆ. ‘ನಮ್ಮ ರಾಜ ಗೆದ್ದಿದ್ದಕ್ಕೆ ಹೆಮ್ಮೆ ಆಯಿತು’ ಅಂತ ಬರೆದಿದ್ದೀಯ. ಆಗಲಿ, ತಪ್ಪೇನಿಲ್ಲ. ಆದರೆ ಒಂದು ಪ್ರಶ್ನೆ. ಅವನು ಗೆದ್ದ ಅಂತ ನಿನಗೆ ಹೇಳಿದವರು ಯಾರು? ಪಾಠದ ಪುಸ್ತಕ ಅನ್ನುತ್ತೀಯ. ಪುಸ್ತಕಕ್ಕೆ?

ಪುಸ್ತಕಕ್ಕೆ ಹೇಳಿದ್ದು ಒಂದು ಪದ್ಯ ಕಣೇ! ಐಹೊಳೆಯ ಮೇಗುಟಿಯಲ್ಲಿ ಒಂದು ಜೈನ ಬಸದಿ ಇದೆ. ಅದನ್ನು ಕಟ್ಟಿಸಿದವನು ರವಿಕೀರ್ತಿ. ಅವನೇ ಬರೆದ ಸಂಸ್ಕೃತ ಪದ್ಯಗಳು ಆ ಗೋಡೆಯ ಕಲ್ಲಿನಲ್ಲಿವೆ, ಹಳಗನ್ನಡ ಲಿಪಿಯಲ್ಲಿ. ಪುಲಕೇಶಿಯನ್ನು ಹೊಗಳುವುದೇ ಅದರ ಕೆಲಸ. ಹರ್ಷನ ವಿಷಯ ಬಂದಾಗ ಅವನು ಒಂದು ಚಮತ್ಕಾರ ಮಾಡುತ್ತಾನೆ. ಹರ್ಷ ಅಂದರೆ ಸಂತೋಷ, ಅಲ್ವಾ? ಪುಲಕೇಶಿಯ ಭಯದಿಂದ ಹರ್ಷನ ಹರ್ಷವೇ ಕಳಚಿಬಿತ್ತು ಅನ್ನುತ್ತಾನೆ. ನಿನ್ನ ಕನ್ನಡ ನೋಟ್‌ಬುಕ್ಕಿನಲ್ಲಿ ಅಲಂಕಾರದ ಪಾಠ ಇದೆ, ‘ಶ್ಲೇಷೆ: ಒಂದು ಪದ, ಎರಡು ಅರ್ಥ’ ಅಂತ ಕೆಂಪು ಪೆನ್ನಿನಲ್ಲಿ ಬರೆದುಕೊಂಡಿದ್ದೀಯ. ಅದೇ ಆಟ ಇದು. (ಪದ ಎರಡು ಸಲ ಬಂದಿದೆ, ಹಾಗಾಗಿ ಯಮಕ ಅನ್ನಬೇಕು ಅಂತ ನಿಮ್ಮ ಕನ್ನಡ ಟೀಚರ್ ತಿದ್ದಬಹುದು. ತಿದ್ದಿದರೆ ಅವರೇ ಸರಿ.) ತಾರೀಕು ನೋಡಿದೆ, ನಾಟಕವೂ ಆ ಪಾಠವೂ ಒಂದೇ ವಾರದಲ್ಲಿ ಆಗಿವೆ. ಒಂದು ನೋಟ್‌ಬುಕ್ಕಿಗೆ ಇನ್ನೊಂದರ ಸುದ್ದಿಯೇ ಇಲ್ಲ.

ಈಗ ಗಿಳಿಯನ್ನು ಕರೆಯೋಣ. ಹರ್ಷ ನಿಜಕ್ಕೂ ಹೆದರಿದನಾ? ಅಥವಾ ಅವನ ಹೆಸರು ಹರ್ಷ ಅಂತಿದ್ದದ್ದರಿಂದ ಕವಿಗೆ ಆ ಮಾತು ಸಿಕ್ಕಿತಾ? ಅವನ ಹೆಸರು ಬೇರೆ ಏನಾದರೂ ಆಗಿದ್ದರೆ ರವಿಕೀರ್ತಿ ಬೇರೆ ಏನನ್ನೋ ಬರೆಯುತ್ತಿದ್ದ. ನೀನು ಎರಡು ಸಾಲು ಬರೆದವಳು, ‘ಬಂತು’ ಹೋಗಿ ‘ಬಂದಿತು’ ಆದದ್ದು ಯಾಕೆ ಅಂತ ಬಲ್ಲವಳು. ಈ ಅನುಮಾನ ನಿನಗೆ ಬೇಗ ಬರಬೇಕು. ಪದ್ಯ ಕಟ್ಟದೆ ಬರೀ ಇತಿಹಾಸ ಓದಿದವರಿಗೆ ಅಷ್ಟು ಬೇಗ ಬರುವುದಿಲ್ಲ ಅಂತ ನನಗನಿಸುತ್ತದೆ.

ಹಾಗಂತ ಕವಿ ಸುಳ್ಳು ಹೇಳಿದ ಅಂದುಬಿಡಬೇಡ. ಇನ್ನೊಂದು ಸಾಕ್ಷಿ ಇದೆ. ಚೀನಾದಿಂದ ಬಂದ ಯಾತ್ರಿಕ ಹ್ಯೂಯೆನ್ ತ್ಸಾಂಗ್. ಅವನು ಹರ್ಷನ ಆಸ್ಥಾನದಲ್ಲಿ ಆದರ ಪಡೆದವನು, ಹರ್ಷನನ್ನು ಮೆಚ್ಚಿಕೊಂಡವನು. ಅಂಥವನೇ ತನ್ನ ಬರಹದಲ್ಲಿ, ಹರ್ಷ ತಾನೇ ಸೈನ್ಯ ನಡೆಸಿಕೊಂಡು ಹೋದರೂ ಪುಲಕೇಶಿಯ ಜನರನ್ನು ಮಣಿಸಲಾಗಲಿಲ್ಲ ಅಂತ ಹೇಳುತ್ತಾನೆ. ಗೆದ್ದ ಕಡೆಯವನೂ ಸೋತ ಕಡೆಯ ಸ್ನೇಹಿತನೂ ಕೂಡಿ ಒಪ್ಪುವುದು ಒಂದೇ ಮಾತು, ಹರ್ಷನಿಗೆ ಗೆಲ್ಲಲಾಗಲಿಲ್ಲ. ಭಯದ ಮಾತು ಕವಿಯೊಬ್ಬನದೇ. ನಿಮ್ಮ ನಾಟಕದಲ್ಲಿ ಹರ್ಷನಾದ ಹುಡುಗ ಗಡಗಡ ನಡುಗಿದನಂತಲ್ಲ, ಆ ನಡುಕ ಎಲ್ಲಿಂದ ಬಂತು ಅಂತ ಈಗ ಹೇಳಬಲ್ಲೆಯಾ?

ಆ ಕಲ್ಲಿನಲ್ಲಿ ಇನ್ನೂ ಇದೆ. ರವಿಕೀರ್ತಿ ತನ್ನನ್ನು ಸಂಸ್ಕೃತದ ದೊಡ್ಡ ಕವಿಗಳಾದ ಕಾಳಿದಾಸನಿಗೂ ಭಾರವಿಗೂ ಸರಿಸಮ ಅಂದುಕೊಂಡಿದ್ದಾನೆ. ಜಂಬ ಸ್ವಲ್ಪ ಜಾಸ್ತಿಯೇ. ಆದರೆ ಆ ಜಂಬದಿಂದಲೇ ನಮಗೆ ಲಾಭ. ಕಾಳಿದಾಸ ಯಾವ ಕಾಲದವನು ಅಂತ ವಿದ್ವಾಂಸರು ಇನ್ನೂ ವಾದ ಮಾಡುತ್ತಾರೆ. 634ಕ್ಕಿಂತ ಈಚೆ ಅಂತ ಮಾತ್ರ ಯಾರೂ ಹೇಳುವ ಹಾಗಿಲ್ಲ, ಈ ಕಲ್ಲು ಅಡ್ಡ ನಿಂತಿದೆ. ಕವಿ ಹೇಳಲು ಹೊರಟದ್ದು ಒಂದು, ನಮಗೆ ದಕ್ಕಿದ್ದು ಇನ್ನೊಂದು. ಕಾಲವನ್ನೂ ಅವನು ಎರಡು ಥರ ಕೊಟ್ಟಿದ್ದಾನೆ. ಶಕ ವರ್ಷ 556 ಅಂತ ಒಂದು, ಮಹಾಭಾರತದ ಯುದ್ಧ ಮುಗಿದು 3735 ವರ್ಷ ಅಂತ ಇನ್ನೊಂದು. ಮೊದಲನೆಯದಕ್ಕೆ 78 ಕೂಡಿಸಿದರೆ 634. ಎರಡನೆಯದನ್ನು ನಿನ್ನ ದಾರದಲ್ಲಿ ಹಿಂದಕ್ಕೆ ಅಳೆಯಲು ಹೋದರೆ ಮೂರೂಮುಕ್ಕಾಲು ಮೀಟರ್ ಬೇಕು. ಯುದ್ಧ ಆಗ ನಡೆಯಿತು ಅನ್ನುವುದಕ್ಕೆ ಅದು ಸಾಕ್ಷಿಯಲ್ಲ. ಏಳನೆಯ ಶತಮಾನದವರು ಹಾಗೆ ನಂಬಿದ್ದರು ಅನ್ನುವುದಕ್ಕೆ ಸಾಕ್ಷಿ. ಈ ವ್ಯತ್ಯಾಸ ನನಗೆ ಅರ್ಥವಾದದ್ದು ನಲವತ್ತು ದಾಟಿದ ಮೇಲೆ, ನಿಜ ಹೇಳುತ್ತೇನೆ.

ಇನ್ನೂ ಒಂದಿದೆ. ಈ ಪದ್ಯ ಕಲ್ಲಿಗೆ ಬಿದ್ದ ಎಂಟು ವರ್ಷಕ್ಕೆ, ಸುಮಾರು 642ರಲ್ಲಿ, ಪಲ್ಲವರ ರಾಜ ನರಸಿಂಹವರ್ಮ ಪುಲಕೇಶಿಯ ರಾಜಧಾನಿ ಬಾದಾಮಿಯನ್ನೇ ಹಿಡಿದ. ಅವನ ಶಾಸನವೂ ಬಾದಾಮಿಯ ಬಂಡೆಯ ಮೇಲಿದೆ. ರವಿಕೀರ್ತಿಯ ಪದ್ಯಕ್ಕೆ ಅದು ಗೊತ್ತಿಲ್ಲ. ನಿಮ್ಮ ನಾಟಕಕ್ಕೂ ಗೊತ್ತಿಲ್ಲ, ಚಪ್ಪಾಳೆಗೆ ಮುಗಿದುಹೋಯಿತು.

ನಿನಗೆ ಇಷ್ಟೆಲ್ಲ ಹೇಳುವ ನಾನು ನಿನ್ನ ವಯಸ್ಸಿನಲ್ಲಿ ಹೇಗಿದ್ದೆ ಗೊತ್ತಾ? ನಮಗೆ ಕಾಟು ಹಾಕಿದರೆ ಅಂಕ ಕಳೆಯುತ್ತಿದ್ದರು. ಹಾಗಾಗಿ ಎಲ್ಲವನ್ನೂ ಮೊದಲು ರಫ್ ಬುಕ್ಕಿನಲ್ಲಿ ಬರೆದು, ಆಮೇಲೆ ಮುತ್ತು ಪೋಣಿಸಿದ ಹಾಗೆ ನಕಲು ಮಾಡಿ ಕೊಡುತ್ತಿದ್ದೆ. ವರ್ಷ ಮುಗಿದ ಮೇಲೆ ರಫ್ ಬುಕ್ ರದ್ದಿಗೆ ಹೋಗುತ್ತಿತ್ತು. ನೀಟಾದ ಬುಕ್ಕುಗಳು ಇವತ್ತಿಗೂ ಟ್ರಂಕಿನಲ್ಲಿವೆ. ತೆಗೆದು ನೋಡಿದರೆ ಯಾವುದೂ ನಾನು ಬರೆದದ್ದು ಅನ್ನಿಸುವುದಿಲ್ಲ, ಗೈಡು ಓದಿದ ಹಾಗಿದೆ.

ಹಾಗಾಗಿ ನಿನ್ನ ಕರಡನ್ನು ನಾನು ತಿದ್ದಿಲ್ಲ. ನೀನೇ ಹೊಸದಾಗಿ ಬರೆ. ಎಲ್ಲ ಚಟುವಟಿಕೆಗಳನ್ನೂ ಹೇಳಲೇಬೇಕೆಂದಿಲ್ಲ. ಎರಡು ಸಾಕು. ಒಂದೊಂದಕ್ಕೂ ಮೊದಲು ಏನು ಅಂದುಕೊಂಡಿದ್ದೆ, ಎಲ್ಲಿ ಎಡವಿದೆ, ಆಮೇಲೆ ಏನು ಬದಲಾಯಿತು ಅಂತ ಬರೆ. ಏನೂ ಬದಲಾಗದಿದ್ದರೆ ಅದನ್ನೇ ಬರೆ, ಟೀಚರ್ ಏನೂ ಅಂದುಕೊಳ್ಳುವುದಿಲ್ಲ. ಅಂದುಕೊಂಡರೆ ನನ್ನ ಹೆಸರು ಹೇಳು.

ಗಿಳಿ ಇಡುತ್ತೀಯೋ, ಹಕ್ಕಿಯನ್ನೇ ಉಳಿಸುತ್ತೀಯೋ ನಿನಗೆ ಬಿಟ್ಟದ್ದು. ಯಾವುದನ್ನು ಇಟ್ಟರೂ ಇನ್ನೊಂದರ ಮೇಲೆ ಒಂದೇ ಗೆರೆ ಎಳೆ, ಓದಲು ಬರುವ ಹಾಗೆ. ನೋಟ್‌ಬುಕ್ಕುಗಳನ್ನು ಭಾನುವಾರ ನಿಮ್ಮಮ್ಮನ ಕೈಗೆ ಕೊಡುತ್ತೇನೆ. ಅಂಚಿನಲ್ಲಿ ಎರಡು ಕಡೆ ಪೆನ್ಸಿಲ್ಲಿನಲ್ಲಿ ಏನೋ ಗೀಚಿದ್ದೇನೆ. ಅದರಲ್ಲಿ ಒಂದು ಕಡೆ ನಾನೇ ಮಾತ್ರೆ ತಪ್ಪಾಗಿ ಎಣಿಸಿದ್ದೆ, ಆಮೇಲೆ ಹೊಡೆದುಹಾಕಿದ್ದೇನೆ. ಅದನ್ನೂ ಅಳಿಸಬೇಡ.

ಇತಿ,
ನಿನ್ನ ದೊಡ್ಡಮ್ಮ