ಸಿಂಗಲ್ ಮಾಲ್ಟ್: ವರ್ಷದ ಜತೆ ಪೀಪಾಯಿಯನ್ನೂ ತಿಳಿಸಿ

ಮಾನ್ಯ ಸಂಪಾದಕರೇ,

ಹೊಸ ವರ್ಷದ ಹೊತ್ತಿಗೆ ಪತ್ರಿಕೆಗಳ ಪುರವಣಿಗಳಲ್ಲಿ ಸ್ಕಾಚ್ ಸಿಂಗಲ್ ಮಾಲ್ಟ್ (ಸ್ಕಾಟ್ಲೆಂಡಿನ ಒಂದೇ ಡಿಸ್ಟಿಲರಿಯಲ್ಲಿ, ಮೊಳಕೆ ಬರಿಸಿದ ಬಾರ್ಲಿಯಿಂದ ಭಟ್ಟಿ ಇಳಿಸಿದ ವಿಸ್ಕಿ) ಕುರಿತ ಬರಹಗಳು ಕಾಣಿಸಿಕೊಳ್ಳುತ್ತವೆ. ಮರದ ಪೀಪಾಯಿಯಲ್ಲಿ 12 ವರ್ಷ ಕಳೆದದ್ದಕ್ಕಿಂತ 18 ವರ್ಷದ್ದು ಮೇಲು, 25 ವರ್ಷದ್ದು ಇನ್ನೂ ಮೇಲು ಎಂಬಲ್ಲಿಗೇ ಹೆಚ್ಚಿನವು ನಿಲ್ಲುತ್ತವೆ. ಇದನ್ನೇ ನಂಬಿ ಸಾವಿರಾರು ರೂಪಾಯಿ ಸುರಿಯುವವರಿದ್ದಾರೆ. ಅವರಿಗೆ ಇಷ್ಟು ಮಾಹಿತಿ ಸಾಲದು.

2009ರ ಸ್ಕಾಚ್ ವಿಸ್ಕಿ ನಿಯಮಗಳ ಪ್ರಕಾರ, 700 ಲೀಟರಿಗಿಂತ ದೊಡ್ಡದಲ್ಲದ ಓಕ್ ಪೀಪಾಯಿಯಲ್ಲಿ, ಸ್ಕಾಟ್ಲೆಂಡಿನಲ್ಲೇ, ಕನಿಷ್ಠ 3 ವರ್ಷ ಕಳೆಯದ ವಿಸ್ಕಿ ಸ್ಕಾಚ್ ಆಗದು. ಲೇಬಲ್ಲಿನಲ್ಲಿ ವರ್ಷ ಹಾಕುವುದಾದರೆ ಬಾಟಲಿಯೊಳಗಿನ ಅತಿ ಕಿರಿಯ ವಿಸ್ಕಿಯ ವಯಸ್ಸನ್ನೇ ಹಾಕಬೇಕು. ಅಂದರೆ 12 ಎಂದು ಬರೆದದ್ದರಲ್ಲಿ 20 ವರ್ಷದ್ದೂ ಬೆರೆತಿರಬಹುದು. ಗ್ಲೆನ್‌ಡ್ರೊನಾಕ್ ಡಿಸ್ಟಿಲರಿ 1996ರಲ್ಲಿ ಬಾಗಿಲು ಹಾಕಿ 2002ರಲ್ಲಿ ಮತ್ತೆ ತೆರೆಯಿತು. ನಡುವೆ ಅಲ್ಲಿ ಭಟ್ಟಿ ಇಳಿಸಲೇ ಇಲ್ಲ. ಹಾಗಾಗಿ 2019ರಲ್ಲಿ ಬಾಟಲಿಗೆ ತುಂಬಿದ ಅದರ ‘18 ವರ್ಷ’ದೊಳಗೆ ಇದ್ದದ್ದು ಕನಿಷ್ಠ 22 ವರ್ಷದ ವಿಸ್ಕಿ. ಬಾಟಲಿಗೆ ಇಳಿದ ಮೇಲೆ ವಯಸ್ಸು ಏರುವುದಿಲ್ಲ. ಕಪಾಟಿನಲ್ಲಿ ಹತ್ತು ವರ್ಷ ಇಟ್ಟರೂ 12 ವರ್ಷದ್ದು 12 ವರ್ಷದ್ದೇ.

ರುಚಿಯನ್ನು ಹೆಚ್ಚು ನಿರ್ಧರಿಸುವುದು ಪೀಪಾಯಿ. ಸ್ಕಾಚ್‌ಗೆ ಹೆಚ್ಚಾಗಿ ಬಳಸುವುದು ಮೊದಲು ಬೇರೆ ಮದ್ಯ ತುಂಬಿದ್ದ ಪೀಪಾಯಿಗಳನ್ನು. ಬೋರ್ಬನ್ (ಅಮೆರಿಕದ ವಿಸ್ಕಿ) ಬ್ಯಾರೆಲ್ ಸುಮಾರು 200 ಲೀಟರಿನದು, ಶೆರ್ರಿ (ಸ್ಪೇನಿನ ವೈನ್) ತುಂಬುವ ‘ಬಟ್’ ಎಂಬ ಪೀಪಾಯಿ ಸುಮಾರು 500 ಲೀಟರಿನದು. ಸಣ್ಣ ಪೀಪಾಯಿಯಲ್ಲಿ ಪ್ರತಿ ಲೀಟರಿಗೆ ತಾಗುವ ಮರ ಹೆಚ್ಚು. ಅದಕ್ಕಿಂತಲೂ ಮುಖ್ಯ, ಆ ಪೀಪಾಯಿಗೆ ಸ್ಕಾಚ್ ತುಂಬಿದ್ದು ಎಷ್ಟನೇ ಸಲ ಎಂಬುದು. ಮೊದಲ ಸಲ ತುಂಬಿದ ಶೆರ್ರಿ ಪೀಪಾಯಿ 12 ವರ್ಷದಲ್ಲೇ ಒಣದ್ರಾಕ್ಷಿ, ಖರ್ಜೂರ, ಲವಂಗದ ಗಂಧ ತುಂಬಿಬಿಡುತ್ತದೆ. 25 ವರ್ಷ ಅಲ್ಲೇ ಬಿಟ್ಟರೆ ಮರದ ಒಗರು ನಾಲಿಗೆಯನ್ನು ಒಣಗಿಸುವ ಮಟ್ಟಕ್ಕೂ ಹೋಗಬಹುದು. ಮೂರನೇ ಸಲ ತುಂಬಿದ ಪೀಪಾಯಿಯಲ್ಲಾದರೆ ಅದೇ 25 ವರ್ಷಕ್ಕೂ ಬಣ್ಣ ತೆಳು, ಹಣ್ಣಿನ ಪರಿಮಳ ಸೂಕ್ಷ್ಮ. ಸ್ಕಾಟ್ಲೆಂಡಿನ ಐಲಾ ದ್ವೀಪದ ವಿಸ್ಕಿಯಲ್ಲಿನ ಪೀಟ್ ಹೊಗೆಯಂತೂ (ಬಾರ್ಲಿ ಒಣಗಿಸಲು ಉರಿಸುವ ಜೌಗು ಮಣ್ಣಿನ ಹೊಗೆ) ವಯಸ್ಸಾದಂತೆ ಮೆತ್ತಗಾಗುತ್ತದೆ. ಅಲ್ಲಿಯ ಲಫ್ರೋಯ್ಗ್ ವಿಸ್ಕಿಯನ್ನು ಅದರ ಹೊಗೆಗೆಂದೇ ಕುಡಿಯುವವರಿಗೆ 25 ವರ್ಷದ್ದಕ್ಕಿಂತ 10 ವರ್ಷದ್ದೇ ಹಿಡಿಸಿದರೆ ಅದು ಅಭಿರುಚಿಯ ಕೊರತೆ ಅಲ್ಲವೇ ಅಲ್ಲ.

ಹೋಲಿಸಿ ನೋಡುವವರು ಬೇರೆ ಬೇರೆ ಡಿಸ್ಟಿಲರಿಯ ಮೂರು ಬಾಟಲಿ ತಂದು ಕೂರಬಾರದು. ಆಗ ಸಿಗುವ ವ್ಯತ್ಯಾಸ ವಯಸ್ಸಿನದೋ, ಪೀಪಾಯಿಯದೋ, ಭಟ್ಟಿಯದೋ ತಿಳಿಯುವುದಿಲ್ಲ. ಐಲಾದ ಬುನ್ನಹಾವೆನ್ 12 ಮತ್ತು 18 ಒಳ್ಳೆಯ ಜೋಡಿ: ಎರಡೂ ಶೇ 46.3ರ ತೀಕ್ಷ್ಣತೆಯವು (ಅಂದರೆ ಆಲ್ಕೋಹಾಲ್ ಪ್ರಮಾಣ), ಎರಡಕ್ಕೂ ಬಣ್ಣ ಸೇರಿಸಿಲ್ಲ, ಮಬ್ಬು ತಡೆಯಲೆಂದು ತಣ್ಣಗೆ ಮಾಡಿ ಸೋಸಿಲ್ಲ. ಇಲ್ಲೂ 18ರಲ್ಲಿ ಶೆರ್ರಿ ಪೀಪಾಯಿಯ ಪಾಲು ಹೆಚ್ಚು ಎಂಬುದು ನೆನಪಿರಲಿ.

ಬಾಯಿ ಕಿರಿದಾದ ಟ್ಯುಲಿಪ್ ಆಕಾರದ ಲೋಟಕ್ಕೆ 20 ಎಂ.ಎಲ್. ಸಾಕು. ಮೂರು ಲೋಟ ಮೀರಬೇಡಿ. ನಾಲ್ಕನೆಯದರ ಹೊತ್ತಿಗೆ ಮೂಗು ಸೋತಿರುತ್ತದೆ. ಉಗುಳಲು ಒಂದು ಪಾತ್ರೆ ಇರಲಿ. ಒಗ್ಗರಣೆ, ಅಗರಬತ್ತಿ, ಮಲ್ಲಿಗೆ, ಸೆಂಟು ಇರುವ ಕೋಣೆ ಬೇಡ. ಖಾರದ ಊಟ, ಕಾಫಿ, ಎಲೆಅಡಿಕೆ ಆದ ಕೂಡಲೇ ಕೂರಬೇಡಿ. ಸುರಿದು ಹತ್ತು ನಿಮಿಷ ಬಿಡಿ. ಬಾಯಿ ತುಸು ತೆರೆದುಕೊಂಡು ಲೋಟವನ್ನು ಮೂಗಿನ ಕೆಳಗೆ ಹಿಡಿಯಿರಿ. ಮೂಗನ್ನು ಒಳಗೆ ತೂರಿಸಿದರೆ ಆಲ್ಕೋಹಾಲ್ ರಾಚಿ ಮುಂದಿನದೇನೂ ಹತ್ತುವುದಿಲ್ಲ. ಮೊದಲ ಗುಟುಕಿನಿಂದ ತೀರ್ಪು ಕೊಡಬೇಡಿ, ಅದು ನಾಲಿಗೆಯನ್ನು ಒಗ್ಗಿಸಲಿಕ್ಕಷ್ಟೇ. ಹೊಗೆಯಿಲ್ಲದ್ದು ಮೊದಲು, ಪೀಟ್ ಕೊನೆಗೆ. ಒಂದು ಸುತ್ತು ಮುಗಿದ ಮೇಲೆ ಹಿಂದಿನಿಂದ ಮುಂದಕ್ಕೆ ಮತ್ತೊಮ್ಮೆ ಬನ್ನಿ. ಲೋಟದ ತಳಕ್ಕೆ ಗುರುತು ಅಂಟಿಸಿ ಬೇರೆಯವರ ಕೈಯಲ್ಲಿ ಸುರಿಸಿಕೊಂಡರೆ ಇನ್ನೂ ಒಳ್ಳೆಯದು, ಏಕೆಂದರೆ ಬೆಲೆ ಗೊತ್ತಿದ್ದಾಗ ನಾಲಿಗೆ ಬೆಲೆಯ ಪರ ವಾಲುತ್ತದೆ.

ತೀಕ್ಷ್ಣತೆ ಸಮ ಮಾಡದ ಹೋಲಿಕೆ ವ್ಯರ್ಥ. ಶೇ 46ರ 20 ಎಂ.ಎಲ್.ಗೆ 3 ಎಂ.ಎಲ್. ನೀರು ಸೇರಿಸಿದರೆ ಶೇ 40ಕ್ಕೆ ಇಳಿಯುತ್ತದೆ. ಪೀಪಾಯಿಯಿಂದ ನೇರ ತುಂಬಿದ ಶೇ 58ರದಕ್ಕೆ 9 ಎಂ.ಎಲ್. ಬೇಕು. ಔಷಧ ಅಂಗಡಿಯ ಸೂಜಿಯಿಲ್ಲದ ಸಿರಿಂಜ್ ಇದಕ್ಕೆ ಸಾಕು. ಬೋರ್‌ವೆಲ್‌ನ ಗಡಸು ನೀರು ಬೇಡ. ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಕಂಪ್ಯೂಟರ್ ಮಾದರಿಯಿಂದ ತೋರಿಸಿದಂತೆ, ನೀರು ಬೆರೆತು ತೀಕ್ಷ್ಣತೆ ಇಳಿದಾಗ ಹೊಗೆ ವಾಸನೆಯ ಗ್ವಾಯಕಾಲ್ ಅಣುಗಳು ಮೇಲ್ಮೈಗೆ ಸೇರುತ್ತವೆ. ಮಂಜುಗಡ್ಡೆ ಹಾಕಿದರೆ ಇದಕ್ಕೆ ವಿರುದ್ಧ: ಚಳಿಗೆ ಪರಿಮಳ ಅಡಗುತ್ತದೆ. ಸೋಸದ ವಿಸ್ಕಿ ಆಗ ಮಬ್ಬಾಗುವುದೂ ಉಂಟು, ಅದು ಕಲಬೆರಕೆಯ ಲಕ್ಷಣವಲ್ಲ.

ಬಣ್ಣ ನೋಡಿ ವಯಸ್ಸು ಊಹಿಸಬೇಡಿ. ಸ್ಕಾಚ್‌ಗೆ ಸಾದಾ ಕ್ಯಾರಮೆಲ್ ಬಣ್ಣ ಸೇರಿಸಲು ನಿಯಮವೇ ಅವಕಾಶ ಕೊಟ್ಟಿದೆ. ಹಾಗೆಯೇ ತಿಂಗಳುಗಟ್ಟಲೆ ತೆರೆದಿಟ್ಟ, ತಳ ಕಂಡ ಬಾಟಲಿಯನ್ನು ಹೊಸದಾಗಿ ತೆರೆದದ್ದರ ಎದುರು ಇಡಬೇಡಿ. ಗಾಳಿಯಾಡಿ ಅದರ ಸುವಾಸನೆ ಇಳಿದಿರುತ್ತದೆ. ಮೂರನೇ ಒಂದು ಭಾಗ ಉಳಿದಾಗ ಸಣ್ಣ ಗಾಜಿನ ಶೀಶೆಗೆ ಬಗ್ಗಿಸಿ, ನೆಟ್ಟಗೆ ನಿಲ್ಲಿಸಿಡಿ. ಮಲಗಿಸಿದರೆ ಆಲ್ಕೋಹಾಲ್ ತಾಗಿ ಕಾರ್ಕ್ ಕೊಳೆಯುತ್ತದೆ.

ವರ್ಷವೊಂದೇ ಅಳತೆಗೋಲಲ್ಲ ಎಂಬುದಕ್ಕೆ ಬೆಂಗಳೂರೇ ಸಾಕ್ಷಿ. ಸ್ಕಾಟ್ಲೆಂಡಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇ 2ರಷ್ಟು ಆವಿಯಾದರೆ, ನಮ್ಮ ಸೆಕೆಯಲ್ಲಿ ಶೇ 10ಕ್ಕೂ ಹೆಚ್ಚು ಹೋಗುತ್ತದೆ. ಮರದ ಸಾರ ಇಳಿಯುವುದೂ ಅಷ್ಟೇ ಬೇಗ. ಇಲ್ಲಿಯ ಅಮೃತ್ ಸಂಸ್ಥೆ 2004ರಲ್ಲಿ ಗ್ಲಾಸ್ಗೋದಲ್ಲಿ ಬಿಡುಗಡೆ ಮಾಡಿದ ಸಿಂಗಲ್ ಮಾಲ್ಟ್, ಸ್ಕಾಚ್‌ನ ಲೆಕ್ಕದಲ್ಲಿ ಎಳೆಯದೇ ಆದರೂ ಅಲ್ಲಿಯ ರಸಜ್ಞರ ಮುಂದೆ ನಿಂತಿತು.

ಇನ್ನು ಮುಂದೆ ಇಂಥ ಬರಹ ಪ್ರಕಟಿಸುವಾಗ ವಯಸ್ಸು ಮತ್ತು ಬೆಲೆಯ ಜತೆ ಪೀಪಾಯಿಯ ಬಗೆ, ಶೇಕಡಾವಾರು ತೀಕ್ಷ್ಣತೆ, ಬಣ್ಣ ಸೇರಿಸಿದ್ದಾರೆಯೇ, ತಣ್ಣಗೆ ಮಾಡಿ ಸೋಸಿದ್ದಾರೆಯೇ ಎಂಬುದನ್ನೂ ಒಂದೊಂದು ಸಾಲಿನಲ್ಲಿ ಕೊಡಬೇಕೆಂದು ಕೋರುತ್ತೇನೆ.

– ಓದುಗ, ಬೆಂಗಳೂರು