ಡಬ್ಬಿಗಳನ್ನು ವಾಪಸ್ ಕೊಡುವ ಮೊದಲು

ಮೊನ್ನೆ ಗುರುವಾರ, ಆಗಸ್ಟ್ 21ಕ್ಕೆ, ನಮ್ಮ ಹುಡುಗಿಯ ಜಿಸಿಎಸ್‌ಇ ರಿಸಲ್ಟ್ ಬಂತು. ಇಂಗ್ಲೆಂಡಿನ ಎಸ್ಸೆಸ್ಸೆಲ್ಸಿ ಅಂದುಕೊಳ್ಳಿ. ಗಣಿತದಲ್ಲಿ 9, ಅದಕ್ಕಿಂತ ಮೇಲೆ ಇಲ್ಲಿ ಏನೂ ಇಲ್ಲ. ಇಂಗ್ಲಿಷ್‌ನಲ್ಲಿ 5. ನನಗೆ ಆ 9ಕ್ಕಿಂತ ಈ 5 ದೊಡ್ಡದು, ಯಾಕಂದ್ರೆ ಮೂರು ವರ್ಷದ ಹಿಂದೆ ಅವಳು ಇಂಗ್ಲಿಷ್‌ನಲ್ಲಿ ಹೇಳುತ್ತಿದ್ದದ್ದು 'ನನಗೆ ಹಸಿವಿಲ್ಲ' ಅನ್ನೋದೊಂದೇ ಮಾತು. ಹಸಿವಾಗಿದ್ದಾಗಲೂ ಅದನ್ನೇ ಹೇಳುತ್ತಿದ್ದಳು.

ಅವತ್ತು ಫೋನ್ ಮಾಡಿದವರ ಹತ್ತಿರ ಸರಿಯಾಗಿ ಮಾತಾಡಲು ಆಗಲಿಲ್ಲ, ಅಳು ಬರುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ, ಇಷ್ಟು ದಿನ ಜೊತೆಗಿದ್ದು ಡಬ್ಬಿಯಲ್ಲಿ ಅಡುಗೆ ತಂದುಕೊಟ್ಟ ನಿಮಗೆಲ್ಲ ಥ್ಯಾಂಕ್ಸ್ ಹೇಳೋಕೆ. ಹುಡುಗಿಯ ಹೆಸರು ಹಾಕಲ್ಲ, ಅವಳೇ ಬೇಡ ಅಂದಳು. ನಮ್ಮ ಅವ್ವ ಅವಳಿಗೆ ಪುಟ್ಟವ್ವ ಅಂತಾಳೆ, ಇಲ್ಲಿಯೂ ಅದೇ ಇರಲಿ.

ಪುಟ್ಟವ್ವ ಉಕ್ರೇನಿನ ಖಾರ್ಕಿವ್‌ನವಳು. 'ದೊಡ್ಡ ಮನಸ್ಸು ಮಾಡಿದ್ರಿ' ಅಂತ ತುಂಬಾ ಜನ ನಮಗೆ ಹೇಳುತ್ತೀರಿ. ಕೇಳೋಕೆ ಚೆನ್ನಾಗಿರುತ್ತೆ, ಆದರೆ ಅದರ ಹಿಂದೆ ಒಂದು ಹಳೇ ಲೆಕ್ಕ ಇದೆ. 2002ರಲ್ಲಿ ನಾನು ರಾಣೆಬೆನ್ನೂರಿಂದ ಖಾರ್ಕಿವ್‌ಗೆ ಮೆಡಿಕಲ್ ಓದೋಕೆ ಹೋದೆ. ಮೊದಲ ಚಳಿಗಾಲದಲ್ಲೇ ಜ್ವರ ಬಂದು ಹಾಸ್ಟೆಲ್ ಮಂಚದಿಂದ ಏಳಲಾರದೆ ಬಿದ್ದಿದ್ದೆ. ಕ್ಲಾಸಿನ ಹುಡುಗಿಯೊಬ್ಬಳು ನನ್ನನ್ನು ಸಾಲ್ತಿವ್ಕಾ ಬಡಾವಣೆಯ ತನ್ನ ಮನೆಗೆ ಕರೆದುಕೊಂಡು ಹೋದಳು. ಹನ್ನೊಂದು ದಿನ ಅಲ್ಲಿದ್ದೆ. ಅವರ ಭಾಷೆ ನನಗೆ ಎರಡಕ್ಷರ ಬರುತ್ತಿರಲಿಲ್ಲ. ಅವಳ ಅಮ್ಮ ತನ್ನ ಉಣ್ಣೆ ಕಾಲುಚೀಲ ನನಗೆ ತೊಡಿಸಿದರು. ನಾನು ಮಾಂಸ ತಿನ್ನಲ್ಲ ಅಂತ ಗೊತ್ತಾದ ಮೇಲೆ ಬರೀ ಬೀಟ್‌ರೂಟ್, ಎಲೆಕೋಸು ಹಾಕಿ ಬೋರ್ಷ್ ಅನ್ನೋ ಸೂಪು ಮಾಡಿದರು. ಮನೆ ಯಜಮಾನರು 'ಇದು ಬೋರ್ಷೇ ಅಲ್ಲ' ಅಂತ ಗೊಣಗಿಕೊಂಡೇ ಎರಡು ಬಟ್ಟಲು ಕುಡಿದರು. ಹೊರಗೆ ಎಂಥ ಹಿಮ ಬೀಳುತ್ತಿತ್ತು ಅಂತ ನೆನಪಿಲ್ಲ, ಆ ಕಾಲುಚೀಲ ಚುಚ್ಚುತ್ತಿದ್ದದ್ದು ಮಾತ್ರ ಚೆನ್ನಾಗಿ ನೆನಪಿದೆ.

ಆ ಗೆಳತಿಯ ಮಗಳೇ ಪುಟ್ಟವ್ವ.

2022ರ ಫೆಬ್ರವರಿ 24ಕ್ಕೆ ಯುದ್ಧ ಶುರುವಾಯಿತು. ರಷ್ಯಾ ಗಡಿಯಿಂದ ಖಾರ್ಕಿವ್ 40 ಕಿ.ಮೀ. ಒಳಗೇ ಇದೆ, ಸಾಲ್ತಿವ್ಕಾ ಊರಿನ ಆ ದಿಕ್ಕಿಗೇ ಇರುವ ಬಡಾವಣೆ. ಮಾರ್ಚ್ 1ಕ್ಕೆ ನಮ್ಮ ರಾಣೆಬೆನ್ನೂರು ತಾಲೂಕಿನ ಹುಡುಗನೇ, ಅಲ್ಲಿ ಮೆಡಿಕಲ್ ಓದುತ್ತಿದ್ದವನು, ದಿನಸಿ ತರಲು ಹೋಗಿ ಸಾಲಿನಲ್ಲಿ ನಿಂತಿದ್ದಾಗ ತೀರಿಕೊಂಡ. ಅವತ್ತು ಅವ್ವ ಊರಿಂದ ಫೋನ್ ಮಾಡಿ ಮೊದಲು ಅವನ ತಾಯಿಯ ಬಗ್ಗೆ ಅತ್ತಳು. ಆಮೇಲೆ 'ನಿನಗ ಉಣ್ಣಾಕ ಹಾಕಿದ ಆ ಮುದುಕಿ ಎಲ್ಲಿ ಅದಾಳ?' ಅಂತ ಕೇಳಿದಳು. ಮುದುಕಿ ಮೊಮ್ಮಗಳ ಜೊತೆ ಮೆಟ್ರೋ ಸ್ಟೇಷನ್ನಿನಲ್ಲಿ ನೆಲದ ಮೇಲೆ ಮಲಗುತ್ತಿದ್ದರು. ಗೆಳತಿ ಡಾಕ್ಟರು, ಆಸ್ಪತ್ರೆ ಬಿಟ್ಟು ಬರಲ್ಲ ಅಂದಳು. 18ರಿಂದ 60 ವಯಸ್ಸಿನ ಗಂಡಸರು ದೇಶ ಬಿಡುವ ಹಾಗಿರಲಿಲ್ಲ, ಹಾಗಾಗಿ ಅವಳ ಗಂಡನೂ ಬರುವಂತಿಲ್ಲ. ಏಪ್ರಿಲ್‌ನಲ್ಲಿ ಒಂದು ರಾತ್ರಿ ಅವಳು ಮೆಸೇಜ್ ಹಾಕಿದಳು: ಮಗಳನ್ನು ನೀನು ಇಟ್ಟುಕೊಳ್ತೀಯಾ? ನಮ್ಮ ಮನೆಯವರಿಗೆ ತೋರಿಸಿದೆ. ಅವರು ಹೂಂ ಅಂದು, ಚಿಕ್ಕ ರೂಮಿನ ಅಳತೆ ತೆಗೆಯಲು ಟೇಪು ಹುಡುಕೋಕೆ ಹೋದರು.

ಬ್ರಿಟನ್ ಸರ್ಕಾರ ಮಾರ್ಚ್‌ನಲ್ಲೇ ಉಕ್ರೇನಿನವರನ್ನು ಮನೆಯಲ್ಲಿ ಇಟ್ಟುಕೊಳ್ಳುವ ಯೋಜನೆ ಶುರು ಮಾಡಿತ್ತು. ಆದರೆ ಅಪ್ಪ ಅಮ್ಮ ಇಲ್ಲದೆ ಒಂಟಿಯಾಗಿ ಬರುವ ಮಕ್ಕಳಿಗೆ ದಾರಿ ತೆರೆದದ್ದು ಆ ಬೇಸಿಗೆಯಲ್ಲಿ. ಅಪ್ಪ ಅಮ್ಮನ ಒಪ್ಪಿಗೆಗೆ ನೋಟರಿ ಸಹಿ ಬೇಕು. ಬಾಂಬ್ ಬೀಳುವ ಊರಲ್ಲಿ ನೋಟರಿ! ಅದನ್ನೂ ಮಾಡಿಸಿ ಕಳಿಸಿದರೆ ಒಂದು ಕಚೇರಿಯಲ್ಲಿ ಆ ಕಾಗದ ಕಳೆದುಹೋಗಿ ಮತ್ತೊಮ್ಮೆ ಮಾಡಿಸಬೇಕಾಯಿತು. ಪೊಲೀಸ್ ದಾಖಲೆ ನೋಡಿದರು, ಮನೆಗೆ ಬಂದು ಹೊಗೆ ಅಲಾರಂ ನೋಡಿದರು, ನಮ್ಮ ಮಗನನ್ನು ಕೂರಿಸಿಕೊಂಡು ಮಾತಾಡಿಸಿದರು. ಕಾಯುವಾಗ ರೇಗಿದ್ದೆ. ಈಗ ಯೋಚಿಸಿದರೆ ಒಂಟಿ ಮಗು ಅಂದಮೇಲೆ ಅಷ್ಟು ನೋಡಲೇಬೇಕು ಅನ್ನಿಸುತ್ತೆ. ತಿಂಗಳಿಗೆ 350 ಪೌಂಡ್ ಕೊಡುತ್ತಿದ್ದರು. ಅದಕ್ಕಾಗಿಯೇ ಇಟ್ಟುಕೊಂಡಿದ್ದಾರೆ ಅಂದವರೂ ಇದ್ದಾರೆ. ಅವರ ಡಬ್ಬಿ ಯಾವುದೂ ನನ್ನ ಹತ್ತಿರ ಇಲ್ಲ, ಬಿಡಿ.

ಸೆಪ್ಟೆಂಬರ್‌ನಲ್ಲಿ ಪೋಲೆಂಡಿನ ಗಡಿ ಊರು ಪ್ಷೆಮಿಶ್ಲ್‌ಗೆ ಹೋಗಿ ಅವಳನ್ನು ಕರೆದುಕೊಂಡು ಬಂದೆ. ಅವಳ ದೊಡ್ಡಮ್ಮ ಅಲ್ಲಿವರೆಗೆ ರೈಲಿನಲ್ಲಿ ತಂದು ಬಿಟ್ಟರು. 13 ವಯಸ್ಸು, ಬೆನ್ನಿಗೆ ಒಂದು ಬ್ಯಾಗು, ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಚೀಲದಲ್ಲಿ ಒಂದು ಕಿಲೋ ಹ್ರೆಚ್ಕಾ, ಅಂದರೆ ಅವರು ಅನ್ನದ ಹಾಗೆ ಬೇಯಿಸಿ ತಿನ್ನುವ ಕಾಳು. ಇಂಗ್ಲೆಂಡಿನಲ್ಲಿ ಮಗಳಿಗೆ ಊಟ ಸಿಗುತ್ತೋ ಇಲ್ಲವೋ ಅಂತ ಅಮ್ಮ ಕಟ್ಟಿಕೊಟ್ಟಿದ್ದಳು. ನಾನು ಹಾಸ್ಟೆಲಿಗೆ ಹೊರಟಾಗ ಅವ್ವ ಕಟ್ಟಿದ್ದ ಶೇಂಗಾ ಚಟ್ನಿಪುಡಿ ನೆನಪಾಗಿ ಸ್ಟೇಷನ್ನಿನಲ್ಲೇ ನಕ್ಕುಬಿಟ್ಟೆ. ಹುಡುಗಿ ನನ್ನನ್ನು ವಿಚಿತ್ರವಾಗಿ ನೋಡಿದಳು.

ನನಗೆ ರಷ್ಯನ್ ಬರುತ್ತೆ ಅನ್ನೋದು ನನ್ನ ದೊಡ್ಡ ಧೈರ್ಯವಾಗಿತ್ತು. ಖಾರ್ಕಿವ್‌ನಲ್ಲಿ ಆಗ ಎಲ್ಲರೂ ಅದನ್ನೇ ಮಾತಾಡುತ್ತಿದ್ದರು, ಇವಳ ಮನೆಯಲ್ಲೂ ಅದೇ. ವಿಮಾನದಲ್ಲಿ ಪಕ್ಕ ಕೂತು ರಷ್ಯನ್‌ನಲ್ಲಿ ಒಂದೇ ಸಮ ಮಾತಾಡಿದೆ. ಅವಳು ಉತ್ತರ ಕೊಟ್ಟದ್ದು ಉಕ್ರೇನಿಯಲ್ಲಿ. ಮತ್ತೆ ಕೇಳಿದೆ, ಮತ್ತೆ ಉಕ್ರೇನಿ. ಬಾಂಬು ಹಾಕಿದವರ ಭಾಷೆ ಇನ್ನು ಆಡಲ್ಲ ಅಂತ ತೀರ್ಮಾನ ಮಾಡಿದ್ದಳು. 43ನೇ ವಯಸ್ಸಿನಲ್ಲಿ ಹೊಸ ಭಾಷೆ ಕಲಿಯಬೇಕಾಯಿತು ನಾನು. ಈ ವಿಷಯದಲ್ಲಿ ನಮಗೆ ಜಗಳವೂ ಆಗಿದೆ. ಜಿಸಿಎಸ್‌ಇಗೆ ಆಗ ರಷ್ಯನ್ ಪರೀಕ್ಷೆ ಇತ್ತು, ಉಕ್ರೇನಿಗೆ ಇರಲಿಲ್ಲ. ಸುಮ್ನೆ ಹೋಗಿ ಬರೆದು ಬಂದರೂ 9 ಬರುತ್ತೆ, ಬರಿಯೇ ಅಂದೆ. ಬರೆಯಲಿಲ್ಲ. ಈಗಲೂ ಬರೆಯಬೇಕಿತ್ತು ಅಂತಲೇ ನನ್ನ ವಾದ.

ಮೊದಲ ತಿಂಗಳು ಅವಳು ರೂಮಿನಲ್ಲಿ ಮಲಗಲೇ ಇಲ್ಲ. ಬೆಳಗ್ಗೆ ಎದ್ದು ನೋಡಿದರೆ ಮೆಟ್ಟಿಲ ಪಕ್ಕದ ಓಣಿಯಂಥ ಜಾಗದಲ್ಲಿ, ಕಾರ್ಪೆಟ್ ಮೇಲೆ, ಜಾಕೆಟ್ ಹೊದ್ದು ಮಲಗಿರುತ್ತಿದ್ದಳು. ರೂಮು ಇಷ್ಟ ಆಗಿಲ್ಲ ಅಂದುಕೊಂಡು ಪರದೆ ಬದಲಿಸಿದೆ, ಹೊಸ ದೀಪ ತಂದೆ, ನನಗೆ ಎಷ್ಟು ಅರ್ಥ ಆಗಿತ್ತು ನೋಡಿ. ಕೊನೆಗೆ ಗೆಳತಿ ಹೇಳಿದಳು. ಶೆಲ್ ಬೀಳುವಾಗ ಅವರಲ್ಲಿ ಎರಡು ಗೋಡೆ ಲೆಕ್ಕ. ಮೊದಲ ಗೋಡೆ ಪೆಟ್ಟು ತಿನ್ನುತ್ತೆ, ಎರಡನೆಯದು ಗಾಜು, ಚೂರುಗಳನ್ನು ತಡೆಯುತ್ತೆ. ಅದಕ್ಕೇ ಕಿಟಕಿ ಇಲ್ಲದ ಜಾಗ ಹುಡುಕುತ್ತಾರೆ. ನಮ್ಮ ಮನೆಗೆ ಬಂದ ಮೊದಲ ರಾತ್ರಿಯೇ ಅವಳು ಗೋಡೆ ಎಣಿಸಿಕೊಂಡಿದ್ದಳು. ಅವತ್ತು ನಮ್ಮ ಮನೆಯವರು ಒಂದು ಹಾಸಿಗೆ ತಂದು ಅಲ್ಲೇ ಹಾಸಿದರು. ಏನೂ ಮಾತಾಡಲಿಲ್ಲ. ಐದು ತಿಂಗಳು ಆ ಹಾಸಿಗೆ ದಾಟಿಕೊಂಡೇ ನಾವು ಬಾತ್‌ರೂಮಿಗೆ ಓಡಾಡಿದೆವು. ರೀ, ನಿಮಗೆ ಮೊದಲ ಥ್ಯಾಂಕ್ಸ್.

ಎರಡನೆಯದು ಪಕ್ಕದ ಮನೆಯ ಅಜ್ಜನಿಗೆ, ಅವರಿಗೆ ಇದನ್ನು ಇಂಗ್ಲಿಷ್‌ನಲ್ಲಿ ಓದಿ ಹೇಳುತ್ತೇನೆ. ನಾವಿರುವುದು ಲೆಸ್ಟರ್. ಇಲ್ಲಿ ದೀಪಾವಳಿ ಅಂದರೆ ಬೆಲ್‌ಗ್ರೇವ್ ರಸ್ತೆ ತುಂಬ ಜನ, ಆಕಾಶ ತುಂಬ ಪಟಾಕಿ. ಮತ್ತೆ ನವೆಂಬರ್ 5ಕ್ಕೆ ಇಂಗ್ಲಿಷರ ಪಟಾಕಿ. ಆ ವರ್ಷ ಅಕ್ಟೋಬರ್ 24ಕ್ಕೆ ಹಬ್ಬ. ನಾನು, ಆರು ವರ್ಷ ಅವರ ಊರಲ್ಲಿ ಉಂಡವಳು, ಡಾಕ್ಟರು ಬೇರೆ, ಹೋಳಿಗೆ ಮಾಡುವ ಗಡಿಬಿಡಿಯಲ್ಲಿ ಪಟಾಕಿಯ ಯೋಚನೆಯನ್ನೇ ಮಾಡಲಿಲ್ಲ. ಹಿತ್ತಲಲ್ಲಿ ಮಗ ಒಂದು ಹಚ್ಚಿದ. ಅವಳು ಅವನನ್ನು ಎಳೆದು ನೆಲಕ್ಕೆ ಕೆಡವಿ ಮೇಲೆ ಬಿದ್ದಳು. ತಾನು ಓಡಲಿಲ್ಲ, ಅವನ ಮೇಲೆ ಬಿದ್ದಳು. ಬಂದು ಒಂದೂವರೆ ತಿಂಗಳೂ ಆಗಿರಲಿಲ್ಲ. ಮೊಣಕೈ ತರಚಿ ರಕ್ತ ಬಂದಿತ್ತು. ಗಲಾಟೆ ಕೇಳಿ ಅಜ್ಜ ಬೇಲಿಯ ಮೇಲಿಂದ ಇಣುಕಿದರು. ಮರುದಿನ ಬಾಗಿಲ ಸಂದಿಯಲ್ಲಿ ಒಂದು ಚೀಟಿ ಬಂತು. ಸುತ್ತಮುತ್ತ ಯಾವ ಮೈದಾನದಲ್ಲಿ, ಯಾವ ದಿನ, ಎಷ್ಟು ಗಂಟೆಗೆ ಪಟಾಕಿ ಅಂತ ಅಜ್ಜ ಕೈಯಾರೆ ಬರೆದಿದ್ದರು. ಪ್ರತಿ ವರ್ಷ ಬರೆಯುತ್ತಾರೆ. ಹೋದ ವರ್ಷ ಅದನ್ನು ಅವಳೇ ಫ್ರಿಜ್ ಮೇಲೆ ಅಂಟಿಸಿದಳು.

ಮಗ ಪುಟ್ಟ ಇದ್ದ, ಎಂಟು ವರ್ಷ. ಮೊದಲು ಊಟದ ಮೇಜಿನಲ್ಲಿ ಅವಳ ಎದುರೇ 'ಇವಳು ಯಾವಾಗ ಹೋಗ್ತಾಳೆ?' ಅಂತ ಕೇಳಿದ್ದ. ಕನ್ನಡ ಬರದಿದ್ದರೂ ಅವಳಿಗೆ ತಿಳಿದಿತ್ತು. ಪಟಾಕಿಯ ಮೇಲೆ ಕೇಳಲಿಲ್ಲ. ಈಗ ಇಬ್ಬರೂ ಸೇರಿ ನನ್ನ ಇಂಗ್ಲಿಷ್ ಉಚ್ಚಾರಕ್ಕೆ ನಗುತ್ತಾರೆ.

ಶಾಲೆಯ ಒಬ್ಬ ಟೀಚರ್‌ಗೂ ಥ್ಯಾಂಕ್ಸ್ ಹೇಳಬೇಕು. ಪುಟ್ಟವ್ವನ ಫೋನಿನಲ್ಲಿ ಖಾರ್ಕಿವ್‌ನ ವಾಯುದಾಳಿ ಸೈರನ್ ಆ್ಯಪ್ ಇತ್ತು. ಅಲ್ಲಿ ಸೈರನ್ ಆದರೆ ಇಲ್ಲಿ ಕೂಗುತ್ತೆ. ಶಾಲೆಯಲ್ಲಿ ಫೋನ್ ಕಸಿದಿಟ್ಟುಕೊಂಡರು, ನಿಯಮ ಅಂದರು. ಅವಳು ಎರಡು ದಿನ ಶಾಲೆಗೇ ಹೋಗಲಿಲ್ಲ. ಆಗ ಈ ಟೀಚರ್ ಮೇಲಿನವರ ಹತ್ತಿರ ಮಾತಾಡಿ, ಸದ್ದು ನಿಲ್ಲಿಸಿ ಜೇಬಿನಲ್ಲಿ ಇಟ್ಟುಕೊಳ್ಳಲು ಬಿಟ್ಟರು. ಅದುರಿದರೆ ಹೊರಗೆ ಹೋಗಿ ಅಮ್ಮನಿಗೆ ಮೆಸೇಜ್ ಮಾಡಿ ಬರಬಹುದು, ಕಾರಣ ಹೇಳಬೇಕಿಲ್ಲ. ಆ್ಯಪ್ ತೆಗೆಸಿ, ಮಗುವಿಗೆ ನೆಮ್ಮದಿ ಆಗುತ್ತೆ ಅಂತ ಸಲಹೆ ಕೊಟ್ಟವರು ಹಲವರು. ಆಗಲ್ಲ. ಸದ್ದು ಇಲ್ಲದಿದ್ದರೆ ಅವಳಿಗೆ ಜಾಸ್ತಿ ಭಯ.

ಶನಿವಾರದ ಉಕ್ರೇನಿ ಶಾಲೆಯ ಅಜ್ಜಿಯಂದಿರಿಗೆ ದ್ಯಾಕುಯು, ಅಂದರೆ ಅವರ ಭಾಷೆಯಲ್ಲಿ ಥ್ಯಾಂಕ್ಸ್. ಎರಡನೇ ಮಹಾಯುದ್ಧ ಮುಗಿದ ಮೇಲೆ ನಿರಾಶ್ರಿತರಾಗಿ ಬಂದು ಇಲ್ಲಿನ ಗಿರಣಿಗಳಿಗೆ ಸೇರಿದ ಉಕ್ರೇನಿಯರ ಮಕ್ಕಳು ಅವರು. ಅವಳಿಗೆ ಅಲ್ಲಿ ಏನನ್ನೂ ವಿವರಿಸಬೇಕಾಗಿರಲಿಲ್ಲ.

ನಮ್ಮ ಕನ್ನಡ ಬಳಗದವರಿಗೆ ಏನು ಹೇಳಲಿ? ರಾಜ್ಯೋತ್ಸವದಲ್ಲಿ ವೇದಿಕೆಗೆ ಕರೆದು ಶಾಲು ಹೊದಿಸಿ ಸನ್ಮಾನ ಮಾಡೋಣ ಅಂದಿರಿ, ನಾನು ಸಿಟ್ಟು ಮಾಡಿಕೊಂಡು ಫೋನ್ ಇಟ್ಟೆ. ತಪ್ಪಾಯಿತು, ನೀವು ಪ್ರೀತಿಯಿಂದಲೇ ಕೇಳಿದ್ದು. ಆದರೆ ಬಂದವರೆಲ್ಲ ಅವಳನ್ನು ಎದುರಿಗೆ ಕೂರಿಸಿಕೊಂಡು ಬಾಂಬ್ ನೋಡಿದ್ಯಾ, ಅಪ್ಪ ಎಲ್ಲಿ, ಯಾವಾಗ ವಾಪಸ್ ಹೋಗ್ತೀಯ ಅಂತ ಕೇಳಿದ ರಾತ್ರಿ ಅವಳು ಊಟ ಮಾಡುತ್ತಿರಲಿಲ್ಲ. ಏನೂ ಕೇಳದೆ, ಬಾಗಿಲಲ್ಲೇ ಡಬ್ಬಿ ಕೊಟ್ಟು, 'ಖಾರ ಹಾಕಿಲ್ಲ ಕಣೇ' ಅಂತ ಹೇಳಿ ಹೋದಿರಲ್ಲ ಕೆಲವರು, ಈ ಬರಹ ಹೆಚ್ಚಾಗಿ ನಿಮಗೆ. ನನಗೆ ರಾತ್ರಿ ಪಾಳಿ ಇದ್ದ ದಿನಗಳಲ್ಲಿ ಆ ಡಬ್ಬಿಗಳಿಂದಲೇ ನಮ್ಮ ಮನೆ ನಡೆದದ್ದು.

ಇನ್ನು ಅವ್ವ. 2023ರ ಅಕ್ಟೋಬರ್‌ನಲ್ಲಿ ಬಂದವಳು ಐದೂವರೆ ತಿಂಗಳು ಇದ್ದಳು. ಬಂದ ದಿನವೇ ನಮಗೆ ತಾಕೀತು ಮಾಡಿದಳು: 'ಆಕಿಗೆ ಏನೂ ಕೇಳಬ್ಯಾಡ್ರಿ. ಉಣ್ಣಾಕ ಹಾಕ್ರಿ, ಸಾಕು.' ಮರುದಿನ ಸಬ್ಬಸಗಿ ಪಲ್ಯ ಮಾಡಿದಳು. ಪುಟ್ಟವ್ವ ಶಾಲೆಯಿಂದ ಬಂದವಳು ಬಾಗಿಲಲ್ಲೇ ನಿಂತು ಮೂಗೆಳೆದು, 'ಕ್ರಿಪ್!' ಅಂದಳು. ಅವರ ಭಾಷೆಯಲ್ಲಿ ಸಬ್ಬಸಿಗೆಗೆ ಹಾಗಂತಾರೆ. ಅವರು ಸೂಪಿಗೆ, ಆಲೂಗಡ್ಡೆಗೆ, ಉಪ್ಪಿನಕಾಯಿಗೆ, ಎಲ್ಲದಕ್ಕೂ ಅದನ್ನು ಉದುರಿಸುತ್ತಾರೆ. ಆದರೆ ಒಂದೊಂದು ಕಡ್ಡಿ. ಇಲ್ಲಿ ಬಾಣಲೆ ತುಂಬ ಅದೇ, ಜೊತೆಗೆ ಹೆಸರುಬೇಳೆ. ನಾನು ಒಂದು ವರ್ಷ ನಾರ್‌ಬರೋ ರಸ್ತೆಯ ಪೋಲಿಷ್ ಅಂಗಡಿಗಳನ್ನು ಸುತ್ತಿ ಅವಳ ಊರಿನ ರುಚಿ ಹುಡುಕಿದ್ದೆ. ಅದು ನಮ್ಮ ಸೊಪ್ಪಿನ ಕಟ್ಟಿನಲ್ಲೇ ಇತ್ತು ಅಂತ ಹೊಳೆದಿರಲೇ ಇಲ್ಲ. ರೊಟ್ಟಿ ಮುರಿದುಕೊಂಡು ಮೂರು ಸಲ ಹಾಕಿಸಿಕೊಂಡಳು.

ಆ ಡಿಸೆಂಬರ್ 24ರ ಸಂಜೆ ಅವಳು ಕುತ್ಯಾ ಮಾಡಿದಳು. ಉಕ್ರೇನಿನಲ್ಲಿ ಕ್ರಿಸ್‌ಮಸ್ ರಜೆ ಜನವರಿ 7ರಿಂದ ಡಿಸೆಂಬರ್ 25ಕ್ಕೆ ಬದಲಾದ ಮೊದಲ ವರ್ಷ ಅದು. ಖಾರ್ಕಿವ್‌ನಿಂದ ಅವಳ ಅಜ್ಜಿ ವಿಡಿಯೋದಲ್ಲಿ ಹೇಳಿಕೊಡುತ್ತಿದ್ದರು, ಇಪ್ಪತ್ತು ವರ್ಷದ ಹಿಂದೆ ನನಗೆ ಕಾಲುಚೀಲ ತೊಡಿಸಿದವರು. ಬೇಯಿಸಿದ ಗೋಧಿ, ಅರೆದ ಗಸಗಸೆ, ಜೇನು, ಅಕ್ರೋಟ್. ಅವ್ವ ಕನ್ನಡಕ ಹಾಕಿಕೊಂಡು ಪಾತ್ರೆಗೆ ಇಣುಕಿ, 'ಇದು ನಮ್ಮ ಗೋದಿ ಹುಗ್ಗಿ ಅಲ್ಲೇನ? ಬೆಲ್ಲ ಎಲ್ಲೈತಿ?' ಅಂದಳು. ನಾನು ಅನುವಾದ ಮಾಡಿದೆ. ಅಜ್ಜಿ ಬೆಲ್ಲ ಅಂದರೇನು ಅಂತ ಕೇಳಿದರು. ಅವ್ವ ಬೆಲ್ಲದ ಉಂಡೆಯನ್ನೇ ತಂದು ಫೋನಿಗೆ ಹಿಡಿದಳು. ಅಜ್ಜಿ ಜೇನೇ ಬೇಕು ಅಂತ, ಅವ್ವ ಬೆಲ್ಲ ಇಲ್ಲದಿದ್ದರೆ ಹುಗ್ಗಿ ಹೆಂಗ ಆಗತೈತಿ ಅಂತ, ಕಾಲು ಗಂಟೆ ವಾದ. ಐದು ನಿಮಿಷ ಆದಮೇಲೆ ಇಬ್ಬರೂ ನನ್ನ ಅನುವಾದಕ್ಕೆ ಕಾಯೋದನ್ನೇ ಬಿಟ್ಟರು. ಪುಟ್ಟವ್ವ ಎರಡು ಪಾತ್ರೆಯಲ್ಲಿ ಎರಡು ಥರ ಮಾಡಿದಳು. ಆಮೇಲೆ ಸೈರನ್ ಬಂತು. ಅಜ್ಜಿ ಫೋನ್ ಹಿಡಿದುಕೊಂಡೇ ತಮ್ಮ ಮನೆಯೊಳಗಿನ ಕಿಟಕಿ ಇಲ್ಲದ ಓಣಿಗೆ ಹೋಗಿ ಕೂತರು, ಅಲ್ಲಿಂದಲೇ ಉಪ್ಪು ಒಂದು ಚಿಟಿಕೆ ಅಂತ ಹೇಳಿದರು.

ಎಲ್ಲ ಸರಿಹೋಗಿದೆ ಅಂತಲ್ಲ. ಅವಳ ಜೊತೆಯವರು ಖಾರ್ಕಿವ್‌ನಲ್ಲಿ ಮೆಟ್ರೋ ಸ್ಟೇಷನ್ನಿನ ಒಳಗೆ ಕೂತು ಪಾಠ ಕೇಳುತ್ತಿದ್ದಾರೆ. ತಾನು ಮಾತ್ರ ಇಲ್ಲಿ ಅನ್ನೋದು ಅವಳಿಗೆ ಚುಚ್ಚುತ್ತೆ. ಹೋದ ವರ್ಷ ಪೋಲೆಂಡಿನ ಕ್ರಾಕೋವ್‌ನಲ್ಲಿ ಅಮ್ಮನ ಜೊತೆ ಐದು ದಿನ ಇದ್ದು ಬಂದಳು, ಬಂದ ಮೇಲೆ ಎರಡು ವಾರ ನಮ್ಮ ಹತ್ತಿರ ಮಾತಿಲ್ಲ. ವೀಸಾ ಇನ್ನು 18 ತಿಂಗಳಿಗೆ ಸಿಕ್ಕಿದೆ. ಸದ್ಯಕ್ಕೆ ಕಾಲೇಜಿಗೆ ಸೇರುತ್ತಾಳೆ, ಗಣಿತ ಮತ್ತು ಫಿಸಿಕ್ಸ್. ನನ್ನನ್ನು ಚಿಗವ್ವ ಅನ್ನುತ್ತಾಳೆ. ಅದು ಅವ್ವ ಕಲಿಸಿದ್ದು, ನಾನಲ್ಲ.

ಎಣಿಸಿ ನೋಡಿದೆ, ಅಟ್ಟದ ಮೇಲೆ ನಿಮ್ಮೆಲ್ಲರ 23 ಡಬ್ಬಿಗಳಿವೆ. ಸ್ಟೀಲಿನವು 14, ಉಳಿದವು ಪ್ಲಾಸ್ಟಿಕ್, ಎರಡಕ್ಕೆ ಮುಚ್ಚಳ ಸಿಗುತ್ತಿಲ್ಲ. ಖಾಲಿ ಡಬ್ಬಿ ವಾಪಸ್ ಕೊಡಬಾರದು ಅಂತ ಅವ್ವ ಫೋನಿನಲ್ಲಿ ದಿನಾ ಬೈಯುತ್ತಿದ್ದಾಳೆ. ಶನಿವಾರ ಮಧ್ಯಾಹ್ನ ಬನ್ನಿ. ಪುಟ್ಟವ್ವ ಹುಗ್ಗಿ ಮಾಡುತ್ತಾಳಂತೆ. ಬೆಲ್ಲದ್ದು ಬೇಕೋ ಜೇನಿನದ್ದೋ ಅಂತ ಮೊದಲೇ ತಿಳಿಸಬೇಕಂತೆ, ಆಮೇಲೆ ಬದಲಾಯಿಸುವ ಹಾಗಿಲ್ಲವಂತೆ.