ಗ್ಯಾರೇಜ್ ಬಿಲ್ಲಿನಲ್ಲಿ ಗಂಟೆಯ ಲೆಕ್ಕವೂ ಬರಲಿ

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ಮೆಕ್ಯಾನಿಕ್ ತಿಂಗಳಿಗೆ ಮೂರೂವರೆ ಲಕ್ಷ ದುಡಿಯುತ್ತಾನೆ ಎಂಬ ಮಾತನ್ನು ದಾವಣಗೆರೆಯ ಗ್ಯಾರೇಜ್ ಹುಡುಗರೂ ಆಡುತ್ತಾರೆ. ಅದು ಸುಳ್ಳೇನಲ್ಲ. ಅಲ್ಲಿನ ಸರ್ಕಾರದ 2024ರ ಲೆಕ್ಕದಂತೆ ವಾಹನ ಮೆಕ್ಯಾನಿಕ್‌ಗಳ ನಡುಮಟ್ಟದ ವಾರ್ಷಿಕ ಸಂಬಳ 49,670 ಡಾಲರ್, ಅಂದರೆ ಗಂಟೆಗೆ ಸುಮಾರು 24 ಡಾಲರ್. ಆದರೆ ಆ ಗಂಟೆಯನ್ನು ಎಣಿಸುವ ರೀತಿ ತಿಳಿಯದೆ ಬರೀ ರೂಪಾಯಿಗೆ ಗುಣಿಸಿ ಹೊಟ್ಟೆ ಉರಿದುಕೊಂಡರೆ ಪ್ರಯೋಜನವಿಲ್ಲ.

ಅಲ್ಲಿನ ಬಹಳಷ್ಟು ವರ್ಕ್‌ಶಾಪ್‌ಗಳಲ್ಲಿ 'ಫ್ಲ್ಯಾಟ್ ರೇಟ್' ಪದ್ಧತಿ ಇದೆ. ಯಾವ ಕೆಲಸಕ್ಕೆ ಎಷ್ಟು ಗಂಟೆ ಎಂದು ಪುಸ್ತಕದಲ್ಲಿ ಮೊದಲೇ ಬರೆದಿರುತ್ತದೆ. ಎರಡು ಗಂಟೆಯ ಕೆಲಸವನ್ನು ಒಂದೂಕಾಲು ಗಂಟೆಯಲ್ಲಿ ಮುಗಿಸಿದರೂ ಎರಡು ಗಂಟೆಯ ಕೂಲಿ ಸಿಗುತ್ತದೆ. ಬೋಲ್ಟ್ ಮುರಿದು ನಾಲ್ಕು ಗಂಟೆ ಹಿಡಿದರೂ ಅಷ್ಟೇ ಸಿಗುತ್ತದೆ. ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ಉತ್ತರದ ರಾಜ್ಯಗಳಲ್ಲಿ ನಟ್ಟು ಬೋಲ್ಟು ತುಕ್ಕು ಹಿಡಿದು ಕಚ್ಚಿಕೊಂಡಿರುತ್ತವೆ, ಪುಸ್ತಕದ ಸಮಯ ಸಾಕಾಗುವುದಿಲ್ಲ. ವಾರಂಟಿ ಕೆಲಸಕ್ಕೆ ಕಂಪನಿ ಕೊಡುವ ಗಂಟೆ ಇನ್ನೂ ಕಡಿಮೆ. ಮಾಡಿದ ಕೆಲಸ ಕೆಟ್ಟು ಗಾಡಿ ವಾಪಸ್ ಬಂದರೆ ಸಾಮಾನ್ಯವಾಗಿ ಬಿಟ್ಟಿ ದುಡಿಮೆ. ಮೇಲಾಗಿ ಪಾನಾ, ಸಾಕೆಟ್ ಸೆಟ್, ಟಾರ್ಕ್ ರೆಂಚ್, ಪೆಟ್ಟಿಗೆ ಎಲ್ಲವೂ ಮೆಕ್ಯಾನಿಕ್‌ನದೇ ಖರ್ಚು. ಎಷ್ಟೋ ಜನ ಅವನ್ನು ವಾರದ ಕಂತಿನ ಮೇಲೆ ಕೊಳ್ಳುತ್ತಾರೆ.

ಕ್ಯಾಲಿಫೋರ್ನಿಯಾ ರಾಜ್ಯ ಇದಕ್ಕೆ ಕಾನೂನಿನ ಕಡಿವಾಣ ಹಾಕಿದೆ. ಸ್ವಂತ ಉಪಕರಣ ತರಬೇಕಾದ ಮೆಕ್ಯಾನಿಕ್‌ಗೆ ಕನಿಷ್ಠ ವೇತನದ ಎರಡು ಪಟ್ಟು ಕೊಡಬೇಕು. 2025ರ ದರದಲ್ಲಿ ಗಂಟೆಗೆ 33 ಡಾಲರ್ ಆಯಿತು. 2016ರಿಂದ ಪೀಸ್ ಲೆಕ್ಕದಲ್ಲಿ, ಅಂದರೆ ಗಂಟೆಗಲ್ಲದೆ ಮುಗಿಸಿದ ಕೆಲಸಕ್ಕೆ ಕೂಲಿ ಪಡೆದು ದುಡಿಯುವವರ ವಿಶ್ರಾಂತಿಗೂ, ಕೆಲಸವಿಲ್ಲದೆ ಕಾಯುವ ಹೊತ್ತಿಗೂ ಬೇರೆಯಾಗಿ ಕೂಲಿ ಕೊಡಬೇಕು. ನಮಗೆ ಬೇಕಾದದ್ದು ಈ ಎರಡನೇ ನಿಯಮ.

ಜರ್ಮನಿಯಲ್ಲಿ ಮೂರೂವರೆ ವರ್ಷದ ತರಬೇತಿ. ವರ್ಕ್‌ಶಾಪ್ ಮತ್ತು ಶಾಲೆ ಎರಡೂ ಜೊತೆಜೊತೆಗೆ ನಡೆಯುತ್ತವೆ, ಕಲಿಯುವಾಗಲೇ ತಿಂಗಳ ಭತ್ಯೆ ಬರುತ್ತದೆ. ಉಪಕರಣ ಸಾಮಾನ್ಯವಾಗಿ ಮಾಲೀಕರದು. ಸ್ವೀಡನ್‌ನಲ್ಲಿ ಕನಿಷ್ಠ ವೇತನದ ಕಾನೂನೇ ಇಲ್ಲ, ಕಾರ್ಮಿಕ ಸಂಘ ಮತ್ತು ಮಾಲೀಕರ ಒಪ್ಪಂದವೇ ದರ ಕಟ್ಟುತ್ತದೆ. ಆ ಒಪ್ಪಂದಕ್ಕೆ ಸಹಿ ಹಾಕಿ ಎಂದೇ ಅಲ್ಲಿನ ಟೆಸ್ಲಾ ಕಾರು ಕಂಪನಿಯ ಮೆಕ್ಯಾನಿಕ್‌ಗಳು 2023ರ ಅಕ್ಟೋಬರ್ 27ರಂದು ಮುಷ್ಕರ ಹೂಡಿದರು. ಕತಾರ್‌ನಲ್ಲಿ 2021ರ ಮಾರ್ಚ್‌ನಿಂದ ಕನಿಷ್ಠ ವೇತನ ತಿಂಗಳಿಗೆ 1,000 ರಿಯಾಲ್. ಮಾಲೀಕರು ವಸತಿ ಕೊಡದಿದ್ದರೆ 500, ಊಟ ಕೊಡದಿದ್ದರೆ 300 ರಿಯಾಲ್ ಸೇರಿಸಬೇಕು. ಕೊಲ್ಲಿಗೆ ಹೊರಟ ನಮ್ಮ ಹುಡುಗರು ಈ ಮೂರು ಅಂಕಿಗಳನ್ನು ಒಪ್ಪಂದದ ಪತ್ರದಲ್ಲಿ ಹುಡುಕಬೇಕು. ವಿದೇಶಕ್ಕೆ ಕೆಲಸಕ್ಕೆ ಕಳಿಸುವ ನೋಂದಾಯಿತ ಏಜೆಂಟ್ ತನ್ನ ಸೇವೆಗೆ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಕೇಳುವಂತಿಲ್ಲ ಎಂಬುದೂ ನೆನಪಿರಲಿ.

ಇನ್ನು ನಮ್ಮ ಕಡೆ. ರಾಷ್ಟ್ರೀಯ ಹೆದ್ದಾರಿ 48ರ ಆಸುಪಾಸಿನಲ್ಲಿ ಹರಿಹರದಿಂದ ಚಿತ್ರದುರ್ಗದವರೆಗೆ ಲಾರಿ ಗ್ಯಾರೇಜ್‌ಗಳಿಗೆ ಬರವಿಲ್ಲ. ಬಿಲ್ಲಿನಲ್ಲಿ ಬೇರಿಂಗ್‌ನಿಂದ ಹಿಡಿದು ವಾಷರ್‌ವರೆಗೆ ಒಂದೊಂದರ ಬೆಲೆ ಇರುತ್ತದೆ, ಕೊನೆಗೆ 'ಲೇಬರ್' ಎಂದು ಒಂದೇ ಸಾಲು. ಗಿರಾಕಿ ಚೌಕಾಸಿಗೆ ಕೂರುವುದೂ ಆ ಒಂದೇ ಸಾಲಿನ ಮೇಲೆ.

ಲಾರಿಯ ಕ್ಲಚ್ ಕೆಲಸವನ್ನೇ ತೆಗೆದುಕೊಳ್ಳಿ. ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ, ಜಾಕ್ ಕೊಟ್ಟು, ಇಬ್ಬರು ಸೇರಿ ಗೇರ್‌ಬಾಕ್ಸ್ ಇಳಿಸಬೇಕು. ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಬದಲಿಸಬೇಕು. ಫ್ಲೈವೀಲ್ ಮುಖದಲ್ಲಿ ಸುಟ್ಟ ಕಲೆ, ಬಿರುಕು ಇದ್ದರೆ ಲೇತ್‌ಗೆ ಕಳಿಸಬೇಕು. ಕ್ರ್ಯಾಂಕ್ ಹಿಂಬದಿಯ ಆಯಿಲ್ ಸೀಲ್ ಜಿನುಗುತ್ತಿದ್ದರೆ ಅದನ್ನೂ ಆಗಲೇ ಹಾಕಬೇಕು. 'ಸೀಲ್ ಬೇಡ, ಪ್ಲೇಟ್ ಮಾತ್ರ ಹಾಕಿ' ಎಂದು ಖರ್ಚು ಉಳಿಸಿದರೆ ಹೊಸ ಪ್ಲೇಟ್‌ಗೆ ಎಣ್ಣೆ ತಾಗಿ ಕ್ಲಚ್ ಮತ್ತೆ ಜಾರುತ್ತದೆ. ಎರಡನೇ ಸಲ ಗೇರ್‌ಬಾಕ್ಸ್ ಇಳಿಸುವ ಕೂಲಿ ಮೇಸ್ತ್ರಿಯ ತಲೆಗೆ ಬರುತ್ತದೆ. ಇದು ತಪ್ಪು. ಬೇಡವೆಂದ ಭಾಗವನ್ನು ಜಾಬ್ ಕಾರ್ಡ್‌ನಲ್ಲಿ ಬರೆದು ಗಿರಾಕಿಯ ಸಹಿ ಪಡೆಯಬೇಕು.

ಇದಕ್ಕಿಂತ ದೊಡ್ಡ ಅನ್ಯಾಯ ದೋಷ ಹುಡುಕುವ ಕೆಲಸದಲ್ಲಿದೆ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 (ಹೊಗೆ ಮಾಲಿನ್ಯದ ಹೊಸ ಮಾನದಂಡದ) ಗಾಡಿಗಳಲ್ಲಿ ಅರ್ಧ ಕೆಲಸ ಸೆನ್ಸರ್ ಮತ್ತು ವೈರಿಂಗ್‌ನದು. ಸ್ಕ್ಯಾನರ್ ತೋರಿಸುವುದು ದೋಷದ ಕೋಡ್ ಮಾತ್ರ, ಕಾರಣವನ್ನಲ್ಲ. ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡ್ ಅಳೆಯುವ ನಾಕ್ಸ್ ಸೆನ್ಸರ್‌ನ ಕೋಡ್ ಬಂತೆಂದು ನೇರವಾಗಿ ಸೆನ್ಸರ್ ಬದಲಿಸಿದರೆ ಸಾವಿರಾರು ರೂಪಾಯಿ ಹೋಗಿ ಕೋಡ್ ಅಲ್ಲೇ ಉಳಿಯಬಹುದು. ಮೊದಲು ಫ್ಯೂಸ್, ಆಮೇಲೆ ಕನೆಕ್ಟರ್ ಪಿನ್ನಿನ ಹಸಿರು ಕಿಲುಬು, ಆಮೇಲೆ ಅರ್ಥಿಂಗ್‌ನಲ್ಲಿ ವೋಲ್ಟೇಜ್ ಇಳಿತ, ಹೀಗೆ ಮಲ್ಟಿಮೀಟರ್ ಹಿಡಿದು ಒಂದೊಂದನ್ನೇ ನೋಡುತ್ತ ಹೋಗಲು ಎರಡು ಗಂಟೆ ಬೇಕು. ಸಿಗುವುದು ಸಡಿಲವಾದ ಒಂದು ವೈರು. 'ಒಂದು ವೈರಿಗೆ ಇಷ್ಟೊಂದಾ?' ಎಂದು ಕೇಳುವ ಗಿರಾಕಿಗೆ ಆ ಎರಡು ಗಂಟೆ ಕಾಣುವುದೇ ಇಲ್ಲ, ಏಕೆಂದರೆ ಬಿಲ್ಲಿನಲ್ಲಿ ಅದಕ್ಕೆ ಜಾಗವಿಲ್ಲ.

ಜಿಲ್ಲೆಯ ಗ್ಯಾರೇಜ್ ಮಾಲೀಕರು, ಮೆಕ್ಯಾನಿಕ್‌ಗಳು, ಲಾರಿ ಮಾಲೀಕರು ಒಟ್ಟಿಗೆ ಕೂತು ಮಾಮೂಲಿ ಇಪ್ಪತ್ತು ಕೆಲಸಗಳಿಗಾದರೂ ಗಂಟೆಯ ಪಟ್ಟಿ ಮಾಡಲಿ. ಬೋಲ್ಟ್ ಮುರಿದರೆ, ಸ್ಪೇರ್ ಬರುವವರೆಗೆ ಕಾದರೆ, ದೋಷ ಹುಡುಕಿದರೆ ಎಷ್ಟು ಎಂಬುದು ಅದರಲ್ಲಿ ಬೇರೆಯಾಗಿ ಇರಲಿ. ಕಲಿಯಲು ಬರುವ ಹುಡುಗರನ್ನು ಊಟ, ಚಹಾದ ಮೇಲೆ ದುಡಿಸಿಕೊಳ್ಳುವುದು ನಿಲ್ಲಲಿ. ನಾಲ್ಕು ಜನ ದುಡಿಯುವ ಗ್ಯಾರೇಜ್ ಕೂಡ ಅಪ್ರೆಂಟಿಸ್ ಕಾಯ್ದೆಯಡಿ ಐಟಿಐ ಹುಡುಗರನ್ನು ತೆಗೆದುಕೊಳ್ಳಬಹುದು. ಅವರ ಸ್ಟೈಪೆಂಡ್‌ನಲ್ಲಿ ಶೇ. 25, ಗರಿಷ್ಠ 1,500 ರೂಪಾಯಿಯನ್ನು ಪ್ರತಿ ತಿಂಗಳು ಕೇಂದ್ರ ಸರ್ಕಾರವೇ ಭರಿಸುವ ಯೋಜನೆ ಇದೆ. ಅದಕ್ಕೆ ಗ್ಯಾರೇಜ್ ಆನ್‌ಲೈನ್‌ನಲ್ಲಿ ಹೆಸರು ನೋಂದಾಯಿಸಬೇಕು.

– ಲಾರಿ ಮೆಕ್ಯಾನಿಕ್‌ಗಳು, ದಾವಣಗೆರೆ